ದಿಂಬಿನೊಳಗಿನ ಲಾಭ

ಸಂಬಳ ಕೇಳಲು ಹೋದವನಿಗೆ ಯಜಮಾನರು ಗೋಡೌನಿನ ಕಡೆ ಕೈ ತೋರಿಸಿದ್ದೇ ಆ ದಿನದ ಅಷ್ಟೂ ರಗಳೆಗೆ ಮೂಲ.

"ಲಾಭ ಬೇಕಾದಷ್ಟಿದೆ ಪಂಡಿತರೇ, ದುಡ್ಡು ಮಾತ್ರ ಇಲ್ಲ," ಎಂದರು ಯಜಮಾನರು. "ನೀವೇ ಬರೆದ ಲೆಕ್ಕ ಅಲ್ವಾ? ಸುಳ್ಳಾ?"

ಸುಳ್ಳಲ್ಲ. ದಿಂಬು ತಯಾರಿಸುವ ಆ ಸಣ್ಣ ಕಾರ್ಖಾನೆಯ ಲೆಕ್ಕ ಬರೆಯುವವನು ಅವನೇ. ಬಿಡಿಗಾಸೂ ಆಚೀಚೆ ಆಗಲು ಬಿಡದ ಅವನನ್ನು ಎಲ್ಲರೂ ಚಿಲ್ಲರೆ ಪಂಡಿತ ಎನ್ನುತ್ತಿದ್ದರು. ಎರಡು ತಿಂಗಳಿಂದ ಪಂಡಿತನಿಗೆ ಚಿಲ್ಲರೆಯೂ ಸಿಕ್ಕಿರಲಿಲ್ಲ, ಅದು ಬೇರೆ ಮಾತು.

ಆದರೆ ಇವತ್ತು ಸಿಗಲೇಬೇಕಿತ್ತು. ಅವನದು ಒಂದೇ ಕೋಣೆಯ ಮನೆ. ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಉಳಿದ ನಾಲ್ವರೂ ಬದಲಿಸಬೇಕು. ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ಖಾಲಿಯಾಗಿತ್ತು. ಅಡ್ವಾನ್ಸಿಗೆಂದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಕೊರತೆ ಬಿದ್ದದ್ದು ಸರಿಯಾಗಿ ಈ ಸಂಬಳದಷ್ಟು. ಕತ್ತಲಾಗುವುದರೊಳಗೆ ಪೂರ್ತಿ ಅಡ್ವಾನ್ಸ್ ಕೊಡದಿದ್ದರೆ ಮನೆ ಬೇರೆಯವರಿಗೆ. "ಇವತ್ತು ಬರಿಗೈಲಿ ಬಂದ್ರೆ ನೋಡಿ ಮತ್ತೆ," ಎಂದೇ ಹೆಂಡತಿ ಕಳಿಸಿದ್ದಳು.

"ಮಾರಾಟವೇ ಆಗದೆ ಗೋಡೌನ್ ತುಂಬಿ ಕೂತಿದೆ, ಇಷ್ಟೊಂದು ದಿಂಬು ಯಾಕೆ ಸಾರ್ ಮಾಡಿಸಿದ್ರಿ?"

"ನಮ್ಮ ಬಾಮೈದನ ಸಲಹೆ. ಹೆಚ್ಚು ಮಾಡಿದಷ್ಟೂ ಒಂದೊಂದು ದಿಂಬೂ ಅಗ್ಗ ಬೀಳುತ್ತಂತೆ."

"ಪುಸ್ತಕದಲ್ಲೇ ಇದೆ ಭಾವ!" ಎಂದ ಬಾಮೈದ. ಅವನೇ ಅಲ್ಲಿನ ಮ್ಯಾನೇಜರು.

ಪಂಡಿತನಿಗೆ ತಡೆಯಲಾಗಲಿಲ್ಲ. "ಅಗ್ಗ ಬೀಳೋದು ನಿಜ ಸಾರ್. ಕಟ್ಟಡದ ಬಾಡಿಗೆ ಒಂದು ದಿಂಬು ಮಾಡಿದ್ರೂ ಅಷ್ಟೇ, ಸಾವಿರ ಮಾಡಿದ್ರೂ ಅಷ್ಟೇ. ಸಾವಿರಕ್ಕೆ ಹಂಚಿದ್ರೆ ಒಂದೊಂದರ ಪಾಲು ಕಮ್ಮಿ. ಆದ್ರೆ ಹತ್ತಿ, ಬಟ್ಟೆ ಹಾಗಲ್ಲ. ಪ್ರತಿ ದಿಂಬಿಗೂ ಹೊಸದಾಗಿ ದುಡ್ಡು ಸುರೀಬೇಕು. ಸುರಿದಾಯ್ತು. ಅದೆಲ್ಲ ಈಗ ಗೋಡೌನಲ್ಲಿ ಹಾಯಾಗಿ ಮಲಗಿದೆ!"

"ಎಬ್ಬಿಸೋದು ಹೇಗೆ?"

"ಅರ್ಧ ಬೆಲೆಗೆ ಮಾರಿಬಿಡೋಣ. ಹತ್ತಿ ಬಟ್ಟೆಯ ದುಡ್ಡು ವಾಪಸ್ ಬಂದು ಮೇಲೊಂದಿಷ್ಟು ಉಳಿಯುತ್ತೆ. ಬಾಡಿಗೆ ಹೇಗೂ ಕಟ್ಟಲೇಬೇಕು, ದಿಂಬು ಹೋದ್ರೂ ಇದ್ರೂ. ಆದ್ರೆ ಒಂದು ಮಾತು. ಆ ಕೈಲಿ ದುಡ್ಡು, ಈ ಕೈಲಿ ದಿಂಬು. ಉದ್ರಿ ಇಲ್ಲ."

ಬಾಮೈದ ಎದೆ ಹಿಡಿದುಕೊಂಡು ಕೂತ. ಯಜಮಾನರು ಮಾತ್ರ ಎದ್ದು ನಿಂತರು. "ಸಂಜೆಯೊಳಗೆ ಖಾಲಿ ಮಾಡಿ. ನಿಮ್ಮ ಎರಡು ತಿಂಗಳ ಸಂಬಳ ನನ್ನ ಕೈಯಾರೆ ಎಣಿಸಿ ಕೊಡ್ತೀನಿ."

ಪಂಡಿತ ಹುಮ್ಮಸ್ಸಿನಿಂದ ಗೋಡೌನಿನ ಬಾಗಿಲು ತೆಗೆದ. ಸೂರಿನವರೆಗೂ ತುಂಬಿದ್ದ ದಿಂಬುಗಳು ಧಬಧಬ ಉರುಳಿ ಅವನನ್ನು ಹೂತುಹಾಕಿದವು. ಕಾಲು ಹಿಡಿದು ಎಳೆದಾಗ ಪಂಡಿತ ಬಂದ, ಕನ್ನಡಕ ಬಂತು, ಮೊಬೈಲು ಬರಲಿಲ್ಲ. ಅದು ರಾಶಿಯ ಯಾವುದೋ ಮೂಲೆಯಲ್ಲಿ ಮುಸುಕು ಹೊದ್ದುಕೊಂಡು ಬಡಿದುಕೊಳ್ಳುತ್ತಲೇ ಇತ್ತು. ಹುಡುಕಲು ಪುರುಸೊತ್ತಾದರೂ ಯಾರಿಗಿತ್ತು?

ವ್ಯಾನಿಗೆ ಮೈಕು ಕಟ್ಟಿಸಿ ಡ್ರೈವರನ್ನು ಬೀದಿ ಬೀದಿಗೆ ಅಟ್ಟಿದ್ದಾಯಿತು. ಗೇಟಿನ ಬಳಿ ಪಂಡಿತನೇ ಕುರ್ಚಿ ಹತ್ತಿ ಕೂಗಿದ. ಜನ ಬಂದರು, ಒತ್ತಿದರು, ಮೂಸಿದರು, ಒಬ್ಬ ಅಜ್ಜ ಅಲ್ಲೇ ಮಲಗಿ ಗೊರಕೆ ಹೊಡೆದು ಪರೀಕ್ಷಿಸಿದ. ಈ ನಡುವೆ ಬಾಮೈದ ಗೆಳೆಯನ ಲಾಡ್ಜಿಗೆ ಗುಟ್ಟಾಗಿ ಒಂದು ಆಟೋ ದಿಂಬು ಉದ್ರಿ ಕಳಿಸಿಬಿಟ್ಟ. ಗೊತ್ತಾದದ್ದೇ ತಡ, ಪಂಡಿತ ಆಟೋ ಹಿಂದೆ ಓಡಿ, ಸಿಗ್ನಲ್ಲಿನಲ್ಲಿ ಹಿಡಿದು, ಒಂದೊಂದಾಗಿ ಕಿತ್ತುಕೊಂಡು ಅಲ್ಲೇ ನಿಂತಿದ್ದ ಸವಾರರಿಗೆ ಮಾರಿದ. ಒಂದು ದಿಂಬು ಜಗ್ಗಾಟದಲ್ಲಿ ಹರಿಯಿತು. ವಾಪಸು ಬಂದ ಪಂಡಿತನ ಮೀಸೆಯೂ ಹುಬ್ಬೂ ಹತ್ತಿಯಾಗಿದ್ದವು, ಜೇಬು ಮಾತ್ರ ಉಬ್ಬಿತ್ತು.

ಸಂಜೆ ಡ್ರೈವರ್ ಖಾಲಿ ವ್ಯಾನಿನಲ್ಲಿ ಹಾರನ್ ಹೊಡೆಯುತ್ತ ಬಂದ. "ಕೊನೇ ಬೀದೀಲಿ ಯಾರೋ ಒಬ್ಬಮ್ಮ ಉಳಿದಿದ್ದನ್ನೆಲ್ಲ ಒಟ್ಟಿಗೆ ತಗೊಂಡ್ರು ಸಾರ್. ಚೌಕಾಸೀನೂ ಇಲ್ಲ!"

"ಪಾಪ, ದುಡ್ಡಿನ ಬೆಲೆ ಗೊತ್ತಿಲ್ಲದವರು," ಎಂದು ಪಂಡಿತ ನಕ್ಕ.

ಕೆಲಸಗಾರರು ಶಿಳ್ಳೆ ಹಾಕಿದರು. ಯಜಮಾನರು ಬಾಮೈದನ ಕುರ್ಚಿಯಲ್ಲಿ ಪಂಡಿತನನ್ನು ಕೂರಿಸಿ, ಡ್ರೈವರ್ ತಂದ ಕಟ್ಟಿನಿಂದಲೇ ಎರಡು ತಿಂಗಳ ಸಂಬಳ ಎಣಿಸಿ ಕೊಟ್ಟರು. ನೋಟುಗಳಿಂದ ಘಮ್ಮೆಂದು ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಬೆಳಗಿನಿಂದ ಹೊಟ್ಟೆಗೇನೂ ಹಾಕಿಲ್ಲವಲ್ಲ, ಅದಕ್ಕೇ ಹೀಗನ್ನಿಸುತ್ತಿದೆ ಎಂದುಕೊಂಡ ಪಂಡಿತ. ಬರಿದಾದ ಗೋಡೌನಿನ ನೆಲದ ಮೇಲೆ ಮೊಬೈಲು ಸಿಕ್ಕಿತು. ಪರದೆಯ ತುಂಬ ಹೆಂಡತಿಯ ಕರೆಗಳು. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಏನು ಚೆಂದ? ಎದುರಿಗೇ ನಿಂತು ಹೇಳಬೇಕು! ಜೀವಮಾನದಲ್ಲೇ ಮೊದಲ ಸಲ ಅವನಿಗೆ ತನ್ನ ಬಗ್ಗೆ ಹೆಮ್ಮೆಯಾಗಿತ್ತು.

ಮನೆಯ ಬಾಗಿಲು ಒಂದು ಗೇಣು ತೆರೆದು ನಿಂತುಬಿಟ್ಟಿತು. ಭುಜ ಕೊಟ್ಟು ನೂಕಿದ. ಧಬ್ಬೆಂದು ತಲೆಯ ಮೇಲೊಂದು ದಿಂಬು ಬಿತ್ತು. ಅದರ ಹಿಂದೆ ಇನ್ನೊಂದು, ಆಮೇಲೆ ರಾಶಿಗೆ ರಾಶಿ.

"ಮೆಲ್ಲಗೆ ಅಳಿಯಂದಿರೇ, ನಾನು ಮೇಲಿದೀನಿ!" ಎಂದಿತು ಸೂರಿನ ಹತ್ತಿರದಿಂದ ಅತ್ತೆಯ ದನಿ.

ದಿಂಬುಗಳ ನಡುವಿನಿಂದ ಹೆಂಡತಿ ತಲೆ ಹೊರಹಾಕಿದಳು. ಮುಖ ಕಳೆಕಳೆಯಾಗಿತ್ತು. "ಬಂದ್ರಾ? ಫೋನ್ ಯಾಕೆ ಎತ್ತಲಿಲ್ಲ? ನಿಮಗೆ ಸಂಬಳ ಸಿಗೋದು ಅನುಮಾನ ಅಂತ ನಾನೇ ಒಂದು ಉಪಾಯ ಮಾಡಿದೆ. ನಿಮ್ಮ ಫ್ಯಾಕ್ಟರಿ ದಿಂಬು, ಅರ್ಧ ಬೆಲೆ! ಪೂರ್ತಿ ಬೆಲೆಗೆ ಮಾರಿದ್ರೆ ಅಡ್ವಾನ್ಸ್ ತುಂಬಿ ಮೇಲೂ ಉಳಿಯುತ್ತೆ. ಇಡೋ ಜಾಗಕ್ಕೂ ಖರ್ಚಿಲ್ಲ. ಈ ಮನೆ ಬಾಡಿಗೆ ದಿಂಬಿಟ್ರೂ ಅಷ್ಟೇ, ಇಡದಿದ್ರೂ ಅಷ್ಟೇ. ನೀವೇ ದಿನಾ ಹೇಳ್ತೀರಲ್ಲ?"

ಪಂಡಿತ ಜೇಬಿನ ನೋಟುಗಳನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದ. ಬಿಸ್ಕತ್ತೇ. ಊರಿನಲ್ಲಿ ದಿಂಬು ಬೇಕಾದವರಿಗೆಲ್ಲ ಅವನೇ ಖುದ್ದಾಗಿ ಕುರ್ಚಿ ಹತ್ತಿ ಮಾರಿ ಮುಗಿಸಿದ್ದ. ಹೊರಗೆ ಕತ್ತಲಾಗುತ್ತಿತ್ತು.

"ಹಾಗಾದ್ರೆ ಡಬ್ಬೀಲಿ...?" ಎಂದ ಕ್ಷೀಣವಾಗಿ.

ಹೆಂಡತಿ ಒಂದು ದಿಂಬನ್ನು ಅಕ್ಕರೆಯಿಂದ ತಟ್ಟಿದಳು. "ಲಾಭ ಬೇಕಾದಷ್ಟಿದೆ ರೀ, ದುಡ್ಡು ಮಾತ್ರ ಇಲ್ಲ."