ಭಾವನ ಸ್ಕ್ಯಾನರ್ ಸಂಸಾರ

ನನ್ನ ಭಾವನಿಗೆ ಮನುಷ್ಯರ ಮಾತು ಒಂದೇ ಸಲಕ್ಕೆ ಕೇಳಿಸುವುದಿಲ್ಲ. ಊಟಕ್ಕೆ ಅಕ್ಕ ಮೂರು ಸಲ ಕರೆಯಬೇಕು. ಆದರೆ ಮಾಳಿಗೆಯ ಮೇಲಿನ ಸ್ಕ್ಯಾನರು ಒಮ್ಮೆ ಕುಂಯ್ ಎಂದರೆ ಸಾಕು, ಬಚ್ಚಲಿನಿಂದ ಅರ್ಧ ಸ್ನಾನದಲ್ಲೇ ಎದ್ದು ಓಡುತ್ತಾರೆ. ಇಂಥವರಿಗೆ ಹೆಣ್ಣು ಕೊಟ್ಟವರು ನಾವೇ!

ಸ್ಕ್ಯಾನರು ಅಪ್ಪನದು. ಅಪ್ಪ ಸಿದ್ದಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಿದಾಗ, ಫಿಲ್ಮಿನಿಂದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಆ ಪೆಟ್ಟಿಗೆಯೂ ಎರಡು ಟ್ರಂಕು ನೆಗೆಟಿವ್‌ಗಳೂ ಶಿರಸಿಯ ಅಕ್ಕನ ಮನೆಗೆ ಬಂದವು. ಹೊಸ ಕಂಪ್ಯೂಟರು ಪೆಟ್ಟಿಗೆಯನ್ನು ಗುರುತಿಸಲೇ ಇಲ್ಲ. ಎರಡರ ನಡುವೆ ಮಾತುಕತೆ ನಡೆಸುವ ಡ್ರೈವರ್ ಎಂಬ ತಂತ್ರಾಂಶ ಬೇಕು, ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು, ಹೊಸ ಸ್ಕ್ಯಾನರು ಕೊಳ್ಳಿ ಎಂದು ಕಂಪನಿಯಿಂದ ಉತ್ತರ ಬಂತು. ನಾನಾದರೆ ಗುಜರಿಗೆ ಹಾಕುತ್ತಿದ್ದೆ. ಭಾವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರಿಗೆ ಅವಮಾನವಾಯಿತು.

"ಅದು ಹಾಳಾಯ್ದಿಲ್ಲೆ. ಡ್ರೈವರ್ ಆನೇ ಬರೀತೆ," ಎಂದು ತಾವೇ ಬರೆಯಲು ಹೊರಟರು.

"ನಿಂಗಕ್ಕೆ ಸ್ಕೂಟರೇ ಸರಿ ಬಿಡಲೆ ಬತ್ತಿಲ್ಲೆ, ಇನ್ನು ಡ್ರೈವರ್," ಎಂದಳು ಅಕ್ಕ.

ಹಳೇ ಕಂಪ್ಯೂಟರಿನಲ್ಲಿ ಕಂಪನಿಯ ತಂತ್ರಾಂಶ ಓಡಿಸಿ, ಅದು ತಂತಿಯ ಮೂಲಕ ಸ್ಕ್ಯಾನರಿಗೆ ಏನೇನು ಹೇಳುತ್ತದೆಂದು ಕದ್ದು ಕೇಳುವುದು, ಯಾವ ಅಂಕಿಗೆ ದೀಪ ಹತ್ತಿತು, ಯಾವುದಕ್ಕೆ ಮೋಟರು ತಿರುಗಿತು ಎಂದು ಬರೆದುಕೊಳ್ಳುವುದು ಭಾವನ ದಿನಚರಿಯಾಯಿತು. ನೋಟ್‌ಬುಕ್ಕಿನ ತುಂಬ ಜೋಡಿ ಜೋಡಿ ಅಂಕಿಗಳು. ಬನವಾಸಿ ಕಡೆಯಿಂದ ಬಂದು ಪಕ್ಕದ ಮನೆಯಲ್ಲಿದ್ದವರು ಅದನ್ನು ಕಂಡು ಮಟ್ಕಾ ಎಂದೇ ತಿಳಿದು, ಗೇಟಿನ ಬಳಿ ಮೆಲ್ಲಗೆ ಕೇಳಿದರಂತೆ: "ಸರ, ಇವತ್ತ್ ಯಾವ ನಂಬರ್ ಬರ್ತೈತ್ರಿ?"

"ಐವತ್ತೆರಡು ಬಂದ್ರೆ ದೀಪ ಹತ್ತುತ್ತೆ ನೋಡಿ," ಎಂದರಂತೆ ಭಾವ, ಗಂಭೀರವಾಗಿ.

ಪಾಪ, ಐವತ್ತೆರಡಕ್ಕೇ ಕಟ್ಟಿದರೋ ಏನೋ, ಆಮೇಲೆ ಭಾವನನ್ನು ಕಂಡರೆ ಅವರು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ಆರು ತಿಂಗಳಿಗೆ ಮೊದಲ ಚಿತ್ರ ಬಂತು. ಯಾರದೋ ಮದುವೆ. ವಧೂವರರು ಹಸಿರು ಮುಖ ಹೊತ್ತು ತಲೆಕೆಳಗಾಗಿ ನಿಂತಿದ್ದರು. ಭಾವ ಕೇರಿಗೆಲ್ಲ ಸಿಹಿಗೆಂದು ತೊಡೆದೇವು ಹಂಚಿದರು. "ಬಪ್ಪದೇನೋ ಬಂತು, ಯಾವ ಲೋಕದಿಂದ ಬಂತೋ ಕೇಳಿ," ಎಂದಳು ಅಕ್ಕ.

ಬಣ್ಣ ಸರಿಹೋದ ಮೇಲೆ, ಜಗತ್ತಿನಲ್ಲಿ ಇಂಥದೇ ಪೆಟ್ಟಿಗೆ ಇಟ್ಟುಕೊಂಡು ಕೂತವರಿಗೆಲ್ಲ ಒದಗಲಿ ಎಂದು ಡ್ರೈವರನ್ನು ಪುಕ್ಕಟೆಯಾಗಿ ಅಂತರ್ಜಾಲಕ್ಕೆ ಹಾಕಲು ಹೊರಟರು. ಅಲ್ಲಿ ಇಂಥ ಕೆಲಸವನ್ನು ಪರೀಕ್ಷಿಸಿ ಸೇರಿಸಿಕೊಳ್ಳುವವನು ಯಾವುದೋ ಹಿಮ ಬೀಳುವ ದೇಶದವನು. ಸಾಲುಗಳ ಮುಂದೆ ಬಿಟ್ಟ ಜಾಗ ನಿಯಮದಂತಿಲ್ಲ ಎಂದು ಮರಳಿಸಿದ. ಉತ್ತರ ಸರಿಯಿದ್ದರೂ ಮಾರ್ಜಿನ್ ಹಾಕಿಲ್ಲವೆಂದು ಮೂವತ್ತು ವರ್ಷ ವಿದ್ಯಾರ್ಥಿಗಳ ಅರ್ಧರ್ಧ ಅಂಕ ಕತ್ತರಿಸಿದವರು ಭಾವ! ಆ ಮಧ್ಯಾಹ್ನ ಊಟ ಬಿಟ್ಟರು. ಸಂಜೆ ತಿದ್ದಿ ಕಳಿಸಿದರು.

ಅದೇ ಮನುಷ್ಯ ಇನ್ನೊಂದು ತಪ್ಪು ಹಿಡಿದ. ಸ್ಕ್ಯಾನು ಮೊದಲ ಚಿತ್ರಕ್ಕಿಂತ ಹಿಂದಿನಿಂದಲೇ ಶುರುವಾಗಿ, ಫಿಲ್ಮಿನ ತುದಿಯ ಬೇಡದ ತುಂಡೂ ಬರುತ್ತದೆ. ಕಂಪನಿಯ ತಂತ್ರಾಂಶ ಅದನ್ನು ಕತ್ತರಿಸಿಬಿಡುತ್ತಿತ್ತು. ಒಂದು ಅಂಕಿ ಬದಲಿಸಿದರೆ ಮುಗಿಯಿತು. ಭಾವ ವಾರಗಟ್ಟಲೆ ಬದಲಿಸಲಿಲ್ಲ. ರಜೆಗೆ ಹೋಗಿದ್ದ ನಾನು ಕೆಣಕಿದೆ: "ಎಂತ ಭಾವ, ಒಂದು ಅಂಕಿ ತಿದ್ದಲೆ ಆಗ್ತಿಲ್ಯಾ?"

"ಇಲ್ಲಿ ಬಾ, ನೋಡು," ಎಂದರು.

ಹೊಸ ರೋಲು ಹಾಕಿದಾಗ, ಬೆಳಕು ಬಿದ್ದು ಕೆಟ್ಟ ತುದಿಯನ್ನು ದಾಟಿಸಲು ಅಪ್ಪ ಸುಮ್ಮನೆ ಒಂದೆರಡು ಸಲ ಕ್ಯಾಮೆರಾದ ಗುಂಡಿ ಒತ್ತುತ್ತಿದ್ದ. ಎದುರಿಗಿದ್ದದ್ದು ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ. ಪರದೆಯ ಮೇಲೆ, ಅರ್ಧ ಸುಟ್ಟಂತಿದ್ದ ತುಂಡಿನಲ್ಲಿ, ಕ್ಯಾಮೆರಾ ಹಿಡಿದ ಅಪ್ಪ ಇದ್ದ. ಮುಂದಿನ ರೋಲಿನಲ್ಲೂ ಇದ್ದ. ಮತ್ತೊಂದರಲ್ಲಿ ಅವನ ಮೀಸೆ ನರೆತಿತ್ತು. ತಾಲೂಕಿನವರ ಫೋಟೋ ಎಲ್ಲ ತೆಗೆದವನದು ಎಂದು ನಮ್ಮ ಬಳಿ ಉಳಿದದ್ದು ಗುರುತಿನ ಚೀಟಿಯ ಮಸುಕು ಚಿತ್ರ ಒಂದೇ.

ಕಷಾಯದ ಲೋಟ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಲೋಟ ಕೆಳಗಿಟ್ಟು ಪರದೆಯ ಹತ್ತಿರ ಬಂದಳು.

"ಅದನ್ನ ಸರಿಮಾಡಡಿ," ಎಂದಳು. "ಹಾಂಗೇ ಇರ್ಲಿ."

ಆಮೇಲೆ ಟ್ರಂಕಿನ ಪಕ್ಕ ನೆಲದ ಮೇಲೆ ಕೂತು, ಡಬ್ಬಿಗಳ ಧೂಳನ್ನು ಸೆರಗಿನಿಂದ ಒರೆಸಿ, ಒಂದೊಂದೇ ರೋಲನ್ನು ಭಾವನ ಕೈಗೆ ಕೊಡತೊಡಗಿದಳು.