ಲಂಡನ್ ಶರಬತ್ತಿನ ಕೆಂಪು

"ಒಂದ ಕಂಪನಿ, ಒಂದ ಗಿಣಿ ಚಿತ್ರ! ಜಮಖಂಡಿಯದೇನು, ಲಂಡನ್ನಿನದೇನು? ಎರಡೂ ಒಂದ ಅಂತ ಸಾಧಿಸಿ ತೋರಸ್ತೇನಿ!" ಎಂದು ಹೆಂಡತಿ ರಂಜನಾಳೆದುರು ತೊಡೆ ತಟ್ಟಿದೆ.

ಅದು ಎರಡು ಸಾವಿರದ ಎಂಟರ ಬೇಸಿಗೆ. ಲಂಡನ್ನಿನಲ್ಲಿ ನರ್ಸಾಗಿರುವ ಅವಳ ತಂಗಿ ಶೈಲಾ, ನಾವು ದಿನಾ ಕುಡಿಯುವ ಗಿಣಿ ಮಾರ್ಕಿನ ಕೆಂಪು ಶರಬತ್ತನ್ನೇ ಅಲ್ಲಿಂದಲೂ ಒಂದು ಬಾಟ್ಲಿ ತಂದುಕೊಟ್ಟು, "ಮಾವಾ, ಅಲ್ಲಿ ಮಾಡೂದ ಬ್ಯಾರೆ" ಎಂದು ಹೇಳಿ ರನ್ನ ಬೆಳಗಲಿಯ ತವರಿಗೆ ಹೋಗಿದ್ದಳು. ನನ್ನ ನಾಲಿಗೆಗೇ ಸವಾಲೇ? ಗಟಗಟನೆ ಕುಡಿದೆ. ಪರೀಕ್ಷೆ ಪಕ್ಕಾ ಆಗಲೆಂದು ಮತ್ತೆ ಕುಡಿದೆ. ಸಂಜೆಗೆ ಬಾಟ್ಲಿ ಖಾಲಿ! "ಎರಡೂ ಒಂದ!" ಎಂದು ತೀರ್ಪು ಕೊಟ್ಟೆ.

ಮರುದಿನ ಬೆಳಿಗ್ಗೆ ಒಂದಕ್ಕೆಂದು ಬಚ್ಚಲಿಗೆ ಹೋದೆ. ಕೆಳಗೆ ನೋಡಿದೆ. ಕೆಂಪು!

ನಲವತ್ತಾರಕ್ಕೇ ಮುಗಿಯಿತೇ? ನಮ್ಮ ನೀರಾವರಿ ಆಫೀಸಿನ ಗುರಪ್ಪನಿಗೂ ಹೀಗೇ ಶುರುವಾಗಿ ಒಂದು ಕಿಡ್ನಿಯೇ ಹೋಗಿತ್ತು. ಅಡಿಗೆಮನೆಯಲ್ಲಿ ರಂಜನಾ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಇನ್ನೆಷ್ಟು ದಿನ ಕೇಳೇನು? ಗೋಡೆ ಹಿಡಿದು ಬೀರೇಶ್ವರನನ್ನು ನೆನೆಯುತ್ತ ಹೊರಬಂದೆ.

"ಯಾಕ್ರೀ, ಇಷ್ಟ್ಯಾಕ ಬೆವತೀರಿ?"

"ರಂಜನಾ, ನಾ ಹೊಂಟೇನಿ."

"ಆಫೀಸಿಗೇನ್ರಿ? ಇವತ್ತು ಆಯ್ತವಾರ!"

"ಮ್ಯಾಲ!"

"ಮಾಳಗಿ ಮ್ಯಾಲೇನೈತ್ರಿ?"

ಹೇಳಿದೆ. ಅವಳ ಮುಖ ಕೈಯಲ್ಲಿದ್ದ ಹಿಟ್ಟಿಗಿಂತ ಬೆಳ್ಳಗಾಯಿತು. ಅವಳು ಹೆದರಿದ್ದು ನೋಡಿ ನಾನು ಇಮ್ಮಡಿ ಹೆದರಿದೆ. ಹಿಪ್ಪರಗಿ ಬ್ಯಾರೇಜಿನ ಗೇಟುಗಳೆಲ್ಲ ಒಮ್ಮೆಲೇ ತೆರೆದಂತೆ ಇಬ್ಬರೂ ಅತ್ತೆವು. ಕೊನೆಗಾಲಕ್ಕೆ ಸುಳ್ಳೇಕೆಂದು ಒಪ್ಪಿಕೊಂಡೆ: "ಅವತ್ತು ಮುಧೋಳಕ್ಕ ಆಡಿಟ್ ಅಂತ ಹೋದದ್ದು ಸುಳ್ಳು. ನಿಮ್ಮವ್ವ ಬರ್ತಾಳಂತ ಓಡಿದ್ದೆ!"

"ಅದು ನಂಗ ಅವತ್ತ ಗೊತ್ತಿತ್ತು. ಮೊದಲ ಅಂಗಿ ಹಾಕ್ಕೋರಿ!"

ವಿಷವೇ ಇದ್ದೀತೆಂದು ಖಾಲಿ ಬಾಟ್ಲಿಯನ್ನೂ ಚೀಲಕ್ಕೆ ಹಾಕಿಕೊಂಡಳು. ದವಾಖಾನೆಯಲ್ಲಿ ಪರೀಕ್ಷೆಯ ರಿಪೋರ್ಟು ಬರುವ ತನಕ ನನ್ನ ಕೈ ಬಿಡಲಿಲ್ಲ.

"ರಕ್ತ ಒಂದ ಹನಿನೂ ಇಲ್ಲ," ಎಂದರು ಡಾಕ್ಟರು. "ನಿನ್ನಿ ಏನ್ ತಿಂದ್ರಿ?"

ರಂಜನಾ ಬಾಟ್ಲಿ ಮೇಜಿನ ಮೇಲಿಟ್ಟಳು. ತಿರುಗಿಸಿ ಲೇಬಲ್ ಓದಿದ ಡಾಕ್ಟರ ಹೊಟ್ಟೆ ನಗುವಿಗೆ ಕುಣಿಯಿತು.

"ನಮ್ಮಲ್ಲಿ ಇದಕ್ಕ ಕೆಮಿಕಲ್ ಬಣ್ಣ ಹಾಕ್ತಾರ. ಅಲ್ಲಿ ಬೀಟ್‌ರೂಟ್ ಹಾಕ್ಯಾರ! ಕೆಲವರಿಗೆ ಅದು ಹಂಗ ಕೆಂಪಗ ಹೊರಗ ಬರ್ತೈತಿ. ನಾಳಿಗೆ ತಾನ ಸರಿ ಹೋಗ್ತೈತಿ."

ಹೋದ ಜೀವ ಬಂತು. ಜೀವದ ಹಿಂದೆಯೇ ನಾಚಿಕೆಯೂ ಬಂತು! ಇಷ್ಟು ಅತ್ತು ಬರಿಗೈಲಿ ಹೋಗುವುದೇ? "ಗುಳಿಗಿ ಏನರ...?" ಎಂದೆ.

ಡಾಕ್ಟರು ಗಂಭೀರವಾಗಿ ಚೀಟಿ ಬರೆದುಕೊಟ್ಟರು. ಹೊರಗೆ ಸಾಲಾಗಿ ಕೂತಿದ್ದ ಪೇಶಂಟುಗಳೆಲ್ಲ ಕೇಳುವಂತೆ ರಂಜನಾ ಅದನ್ನು ಓದಿದಳು:

"ಲೇಬಲ್! ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು, ಕನ್ನಡಕ ಹಾಕಿಕೊಂಡು ಓದುವುದು!"