ಹಿಂದಿನ ಸೀಟಿನಲ್ಲಿದ್ದವರು

ಭಾನುವಾರ, ಬೆಳಿಗ್ಗೆ ಐದೂ ಇಪ್ಪತ್ತು. ಆತ್ಮಕಥೆಯ ಮೊದಲ ಅಧ್ಯಾಯವನ್ನು ನಾಲ್ಕನೆಯ ಸಲ ತಿದ್ದಲು ಕೂತಿದ್ದೇನೆ. ಇಪ್ಪತ್ತಾರು ವರ್ಷಕ್ಕೇ ಆತ್ಮಕಥೆಯೇ ಎಂದು ನೀವು ಕೇಳಬಹುದು, ಮನೆಯಲ್ಲಿ ಕೇಳಿಯಾಗಿದೆ. ಬರೆದದ್ದನ್ನು ತಿದ್ದುವುದೂ ಒಂದು ಸಾಧನೆ, ತಿದ್ದುತ್ತಾ ಹೋದಂತೆ ನಮ್ಮ ಪರಿಚಯ ನಮಗಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಸ್ನಾನ ಮುಗಿಸಿ ಮಣೆ ಹಾಕಿ ಕೂರುತ್ತೇನೆ. "ಸಂಧ್ಯಾವಂದನೆಗೆ ಏಳದವ ಇದಕ್ಕೆ ಎದ್ದಿದ್ದಾ!" ಎಂದು ಅಮ್ಮ ಅಡುಗೆಮನೆಯಿಂದಲೇ ಮಂಗಳಾರತಿ ಎತ್ತುತ್ತಾಳೆ. ಎಷ್ಟು ಸಾಲು ಬರೆದೆ, ಎಷ್ಟು ಹೊಡೆದುಹಾಕಿದೆ, ಎಷ್ಟು ಲೋಟ ಚಾ ಕುಡಿದೆ ಎಂದೆಲ್ಲ ಗುರುತು ಹಾಕಿಡುವವ ನಾನು. ಸದ್ಯಕ್ಕೆ ಲೆಕ್ಕದಲ್ಲಿ ಚಾವೇ ಮುಂದಿದೆ.

ಅಧ್ಯಾಯದ ಹೆಸರು 'ಒಬ್ಬನೇ'. ಎಂಟನೆಯ ವಯಸ್ಸಿನಲ್ಲಿ ನಾನು ಶಿರಸಿಯಿಂದ ಯಲ್ಲಾಪುರದ ಅತ್ತೆಯ ಮನೆಗೆ ಒಬ್ಬನೇ ಬಸ್ಸಿನಲ್ಲಿ ಹೋದ ಕಥೆ. ನನ್ನ ಬಾಳಿನ ಧೈರ್ಯವೆಲ್ಲ ನೇತಾಡುತ್ತಿರುವುದು ಆ ಒಂದೇ ಗೂಟಕ್ಕೆ. ಮುಂದಿನ ಸೀಟಿನಲ್ಲಿ ಕೂರಿಸಿದ ಅಜ್ಜ, "ಹಿಂದೆ ತಿರುಗಡ ತಮಾ, ತಿರುಗಿದ್ರೆ ವಾಂತಿ ಬತ್ತು" ಎಂದು ಹೇಳಿ ಇಳಿದಿದ್ದ. ನಾನು ಕತ್ತು ಅಲುಗಿಸಲಿಲ್ಲ. ಓದುಗರು ನಗಲಿ ಎಂದು ಒಂದು ಸಾಲನ್ನೂ ಸೇರಿಸಿದ್ದೆ: 'ಹಿಂದಿನ ಸೀಟಿನಲ್ಲಿ ಯಾವುದೋ ದುರ್ಬಲ ಜೀವಿ ದಾರಿಯುದ್ದಕ್ಕೂ ವಾಂತಿ ಮಾಡುತ್ತಿತ್ತು, ನಾನೋ, ಬಂಡೆಯಂತೆ ಕೂತಿದ್ದೆ.' ಮೂರು ತಿದ್ದುಪಡಿಯಲ್ಲೂ ಬದುಕುಳಿದ ಸಾಲು ಅದು.

ಕಳೆದ ವಾರ ಅದನ್ನು ಅತ್ತೆಗೆ ಓದಿಹೇಳಿದೆ. ಬಾಳೆಕಾಯಿ ಹೆಚ್ಚುತ್ತಿದ್ದ ಅವಳ ಕೈ ನಿಂತಿತು.

"ತಮಾ, ಆ ದುರ್ಬಲ ಜೀವಿ ನಿನ್ನ ಅಜ್ಜನೇಯಾ."

ಬಸ್ಸು ಎಂದರೆ ಅಜ್ಜನಿಗೆ ಆಗುತ್ತಿರಲಿಲ್ಲ. ಎಷ್ಟು ದೂರವಾದರೂ ನಡೆದೇ ಹೋಗುವವ. ಅಂದು ಕಂಬಳಿ ಹೊದ್ದು ಹಿಂದಿನ ಬಾಗಿಲಿನಿಂದ ಹತ್ತಿದ್ದನಂತೆ.

"ಯಲ್ಲಾಪುರ ಬಸ್‌ಸ್ಟ್ಯಾಂಡಲ್ಲಿ ನಿನ್ನ ಕೈಲಿ ಬಿಸ್ಕೀಟು ಕೊಟ್ಟು ಬೆಂಚಲ್ಲಿ ಕೂರ್ಸಿ ಬಸ್ಸಿನ ಹಿಂದೆ ಹೋಗಿ ನೋಡಿದ್ರೆ, ನನ್ನಪ್ಪ ನಳದಲ್ಲಿ ಮುಖ ತೊಳೀತಾ ಇದ್ದಿದ್ದ. 'ಅವಂಗೆ ಹೇಳಡ, ಅಂವ ಒಬ್ಬನೇ ಬಂದಿದ್ದು' ಅಂದ. ಚಾ ಕುಡಿ ಅಂದ್ರೂ ಕೇಳಿದ್ನಿಲ್ಲೆ. ಅದೇ ಬಸ್ಸಿಗೆ ವಾಪಸ್ ಹೋದ, ಮತ್ತೆ ವಾಂತಿ ಮಾಡ್ತಾ!" ಎಂದು ಅತ್ತೆ ನಕ್ಕಳು, ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

ಅಜ್ಜ ಈಗಿಲ್ಲ. ಇದ್ದಾಗ ಪ್ರತಿ ರಜೆಯಲ್ಲೂ ಅವನೆದುರು ಈ ಸಾಹಸ ವರ್ಣಿಸುತ್ತಿದ್ದೆ. "ಹೌದನಾ! ಭಾರೀ ಧೈರ್ಯದವ!" ಎಂದು ಹೊಸದಾಗಿ ಕೇಳಿದವನಂತೆ ಕೇಳುತ್ತಿದ್ದ. ವಾಂತಿ ಮಾಡುವವರ ಅಣಕವನ್ನೂ ಮಾಡಿ ತೋರಿಸಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವ ಅವನೇ.

ಇಂದು ಶೀರ್ಷಿಕೆ ಹೊಡೆದುಹಾಕಿದೆ. ಬಂಡೆಯೂ ಹೋಯಿತು. ಅಜ್ಜನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕೈಗೊಂದು ಲಿಂಬೆಹಣ್ಣು ಕೊಟ್ಟೆ. ಅದು ಸುಳ್ಳು, ಆದರೂ ಇರಲಿ ಎಂದು ಬಿಟ್ಟೆ. ಅಧ್ಯಾಯ ಉದ್ದವಾಯಿತು, ಅದರಲ್ಲಿ ನಾನು ಸಣ್ಣವನಾದೆ, ಎಂಟು ವರ್ಷದವನಷ್ಟೇ.

ಈಗ ಭಯವಿರುವುದು ಎರಡನೆಯ ಅಧ್ಯಾಯದ್ದು. ಯಾರ ಸಹಾಯವೂ ಇಲ್ಲದೆ ನಾನು ಈಜು ಕಲಿತ ಕಥೆ ಅದು. ಆಗ ಕೆರೆಯ ದಂಡೆಯಲ್ಲಿ ಯಾರು ನಿಂತಿದ್ದರೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಬೇಗ ತಿಳಿಸಿದರೆ ಒಂದು ಸಲ ತಿದ್ದುವ ಶ್ರಮವಾದರೂ ಉಳಿದೀತು.